ರಾತ್ರಿ ಫೋಟೋ ರಾತ್ರಿ ತೆಗೆಯಬೇಡಿ: ಬೇಡಕಿಹಾಳದ ಸ್ಕೈಲೈನ್ ಇಟ್ಟುಕೊಂಡು ಒಂದು ಪಾಠ

ನಮ್ಮ ಕ್ಯಾಂಪಸ್ಸಿನ ಗ್ರೂಪುಗಳಲ್ಲಿ ಬರುವ ರಾತ್ರಿ ಫೋಟೋಗಳನ್ನ ಒಮ್ಮೆ ಸಾಲಾಗಿ ನೋಡಿ. ಬೆಂಗಳೂರಿನ ಫ್ಲೈಓವರ್ ಇರಲಿ, ಬೆಳಗಾವಿಯ ಕೋಟೆ ಕೆರೆ ಇರಲಿ, ಹೆಚ್ಚಿನವಕ್ಕೆ ಒಂದೇ ಕಾಯಿಲೆ. ಆಕಾಶ ಕರಿ ಹಲಗೆ ಥರ ಕಪ್ಪು. ದೀಪಗಳು ಬಿಳಿ ಕಲೆ. ನಡುವೆ ಇರಬೇಕಾದ ಕಟ್ಟಡದ ಅಂಚು ಎಲ್ಲೋ ಮಾಯ. ಕೆಳಗೆ ಯಾರಾದರೂ ಒಬ್ಬರು ಕಾಮೆಂಟ್ ಹಾಕಿರ್ತಾರೆ: "ಇನ್ನೂ ಸ್ವಲ್ಪ ಲಾಂಗ್ ಎಕ್ಸ್‌ಪೋಷರ್ ಇಡಬೇಕಿತ್ತು."

ಈ ಸಲಹೆ ಕೆಲಸ ಮಾಡಲ್ಲ. ಯಾಕೆ ಮಾಡಲ್ಲ, ಅದರ ಬದಲು ಏನು ಮಾಡಬೇಕು ಅನ್ನೋದೇ ಈ ಪಾಠ. ಇದಕ್ಕೆ ಬೇಕಾದ ಗಣಿತ ಎರಡರ ಘಾತಗಳು ಮಾತ್ರ. ನಮಗೆಲ್ಲ ಅದು ಮೊದಲ ಸೆಮಿಸ್ಟರಿನಲ್ಲೇ ಮುಗಿದ ವಿಷಯ.

ಹಳ್ಳಿಗೂ ಸ್ಕೈಲೈನ್ ಇದೆಯಾ?

ಉದಾಹರಣೆಗೆ ನಾನು ತಗೊಳ್ಳೋದು ನಿಪ್ಪಾಣಿ ತಾಲೂಕಿನ ಬೇಡಕಿಹಾಳ, ನಮ್ಮೂರು. ಸ್ಕೈಲೈನ್ ಅಂದ್ರೆ ಗಗನಚುಂಬಿ ಕಟ್ಟಡಗಳೇ ಇರಬೇಕು ಅಂತೇನಿಲ್ಲ. ನೆಲದ ಮೇಲಿನ ವಸ್ತುಗಳು ಆಕಾಶವನ್ನು ಮುಟ್ಟುವ ಗೆರೆಯೇ ಸ್ಕೈಲೈನ್. ಊರ ಹೊರಗೆ ಕಬ್ಬಿನ ಹೊಲದ ಬದುವಿನ ಮೇಲೆ ನಿಂತು ನೋಡಿದ್ರೆ ಸಕ್ಕರೆ ಕಾರ್ಖಾನೆಯ ಚಿಮಣಿ, ಗುಡಿಯ ಶಿಖರ, ನೀರಿನ ಟಾಕಿ, ಮೊಬೈಲ್ ಟವರ್, ಮಾಳಿಗೆ ಮನೆಗಳ ಸಾಲು, ಎಲ್ಲಾ ಒಂದೇ ಗೆರೆಯಲ್ಲಿ ಬರ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಬಹಳಷ್ಟು ಊರುಗಳ ಗೆರೆ ಹೆಚ್ಚು ಕಡಿಮೆ ಹೀಗೇ ಇರುತ್ತೆ.

ಕಲಿಯೋಕೆ ಹಳ್ಳಿಯ ಸ್ಕೈಲೈನ್ ಪಟ್ಟಣದ್ದಕ್ಕಿಂತ ಒಳ್ಳೇದು. ಬೆಂಗಳೂರಿನಂಥ ಊರಲ್ಲಿ ದೀಪಗಳ ಬೆಳಕು ಧೂಳಿಗೆ, ಮೋಡಕ್ಕೆ ತಾಗಿ ಮೇಲಿಂದ ವಾಪಸ್ ಬರುತ್ತೆ, ಆಕಾಶ ಪೂರ್ತಿ ಕಪ್ಪಾಗೋದೇ ಇಲ್ಲ. ಹಾಗಾಗಿ ಟೈಮಿಂಗ್ ತಪ್ಪಿದ್ರೂ ಸ್ವಲ್ಪ ಮಟ್ಟಿಗೆ ನಡೆಯುತ್ತೆ. ಹಳ್ಳಿಯಲ್ಲಿ ಆ ರಿಯಾಯಿತಿ ಇಲ್ಲ. ಹೊತ್ತು ಮೀರಿದ್ರೆ ಚಿಮಣಿಯೂ ಕಪ್ಪು, ಹಿಂದಿನ ಆಕಾಶವೂ ಕಪ್ಪು. ಗೆರೆಯೇ ಇಲ್ಲ.

ಎಕ್ಸ್‌ಪೋಷರ್ ಒಂದು ಗುಣಕ

ಈಗ ಮುಖ್ಯ ಮಾತಿಗೆ ಬರೋಣ. ಫ್ರೇಮಿನಲ್ಲಿ ಎರಡು ಬೆಳಕು ಇವೆ: ಆಕಾಶದ್ದು ಮತ್ತು ದೀಪದ್ದು. ಶಟರ್ 4 ಸೆಕೆಂಡಿನಿಂದ 8 ಸೆಕೆಂಡಿಗೆ ಹೋದ್ರೆ ಆಕಾಶದ ಬೆಳಕು ಎರಡು ಪಟ್ಟು, ದೀಪದ ಬೆಳಕೂ ಎರಡು ಪಟ್ಟು. ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದ್ರೆ ಅವುಗಳ ಅನುಪಾತ ಬದಲಾಗುತ್ತಾ? ಇಲ್ಲ. ಐಎಸ್ಓ ಏರಿಸಿದ್ರೂ ಅಷ್ಟೇ, ಅಪರ್ಚರ್ ತೆರೆದ್ರೂ ಅಷ್ಟೇ. ಫೋಟೋ ಹಾಳಾಗಿರೋದು ಅನುಪಾತದಿಂದ. ನಾವು ತಿರುಗಿಸ್ತಾ ಇರೋದು ಗುಣಕವನ್ನ. ಕಪ್ಪು ಆಕಾಶವನ್ನ ಬೆಳಗೋಕೆ ಹೋದಷ್ಟೂ ದೀಪಗಳು ಉರಿದು ಬಿಳಿ ಕಲೆ ಆಗ್ತವೆ.

ಹಾಗಾದ್ರೆ ಅನುಪಾತವನ್ನ ಬದಲಿಸೋದು ಯಾವುದು? ಗಡಿಯಾರ.

ಮೋಡವಿಲ್ಲದ ದಿನ ಸೂರ್ಯ ಮುಳುಗುವ ಕ್ಷಣದಲ್ಲಿ ಬಯಲಿನಲ್ಲಿ ಸುಮಾರು 400 ಲಕ್ಸ್ ಬೆಳಕು ಇರುತ್ತೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗೆ ಇಳಿದಾಗ ಅದು ಸುಮಾರು 3.4 ಲಕ್ಸ್. ಭಾಗಿಸಿದ್ರೆ 118ರ ಆಸುಪಾಸು, ಅಂದ್ರೆ ಹೆಚ್ಚು ಕಡಿಮೆ 2ರ ಘಾತ 7. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಅಷ್ಟು ಇಳಿಯೋಕೆ 22 ನಿಮಿಷದಷ್ಟು ಸಾಕು. 22 ನಿಮಿಷದಲ್ಲಿ 7 ಸಲ ಅರ್ಧ ಆಯ್ತು ಅಂದ್ರೆ, ಸುಮಾರು 3 ನಿಮಿಷಕ್ಕೊಮ್ಮೆ ಆಕಾಶದ ಬೆಳಕು ಅರ್ಧ. ಅದರ ನಂತರವೂ ಸ್ವಲ್ಪ ಹೊತ್ತು ಹೀಗೇ ಇಳೀತಾ ಹೋಗುತ್ತೆ. ರೇಡಿಯೋ ಆಕ್ಟಿವ್ ವಸ್ತುವಿನ ಹಾಫ್ ಲೈಫ್ ಇದ್ದಂತೆ, ನಮ್ಮ ಸಂಜೆಯ ಹಾಫ್ ಲೈಫ್ 3 ನಿಮಿಷ ಅಂತ ನೆನಪಿಡಿ.

ದೀಪ ಮಾತ್ರ ಹಚ್ಚಿದಾಗಿಂದ ಒಂದೇ ಸಮ. ಗ್ರಾಫ್ ಬರೆದ್ರೆ ಒಂದು ಗೆರೆ ಜಾರಿ ಇಳೀತಾ ಇದೆ, ಇನ್ನೊಂದು ಅಡ್ಡಗೆರೆ. ಎರಡೂ ಎಲ್ಲೋ ಒಂದು ಕಡೆ ದಾಟ್ತವೆ. ಆ ದಾಟುವ ಬಿಂದುವಿನ ಹತ್ತಿರ ಎರಡು ಸ್ಟಾಪ್ ಆಚೆ, ಎರಡು ಸ್ಟಾಪ್ ಈಚೆ ತಗೊಂಡ್ರೆ ನಾಲ್ಕು ಸಲ 3 ನಿಮಿಷ, ಅಂದ್ರೆ 12 ನಿಮಿಷ. ನಿಮ್ಮ ರಾತ್ರಿ ಫೋಟೋಗೆ ಸಿಗೋ ಸಮಯ ಅಷ್ಟೇ.

ಇಂಗ್ಲಿಷ್ ವಿಡಿಯೋಗಳಲ್ಲಿ ಇದಕ್ಕೆ ಬ್ಲೂ ಅವರ್ ಅಂತಾರೆ. ಆ ಹೆಸರು ನಂಬಿ ಒಂದು ಗಂಟೆ ಇದೆ ಅಂದುಕೊಂಡ್ರೆ ಕೆಟ್ಟಂಗೆ. ಲಂಡನ್ನಿನಲ್ಲಿ ಸೂರ್ಯ ಓರೆಯಾಗಿ ಇಳೀತಾನೆ, ಅದೇ 6 ಡಿಗ್ರಿಗೆ ಅವನಿಗೆ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ನಮ್ಮ ಕಡೆ ಹೆಚ್ಚು ಕಡಿಮೆ ನೆಟ್ಟಗೆ ಇಳೀತಾನೆ. ಕನ್ನಡದಲ್ಲಿ ಇದಕ್ಕೆ ಮುಸ್ಸಂಜೆ ಅನ್ನೋ ಪದ ಮೊದಲಿಂದ ಇದೆ, ಅದರಲ್ಲಿ ಗಂಟೆಯ ಲೆಕ್ಕ ಇಲ್ಲ. ಅದನ್ನೇ ಬಳಸೋಣ.

ಅರಮನೆಯ ಲೆಕ್ಕ

ಮೈಸೂರು ಅರಮನೆ ಇದಕ್ಕೆ ಒಳ್ಳೆ ಉದಾಹರಣೆ. ಭಾನುವಾರ ಸಂಜೆ 7ಕ್ಕೆ ಅದರ ಲಕ್ಷದಷ್ಟು ಬಲ್ಬುಗಳು ಒಟ್ಟಿಗೆ ಹತ್ತುತ್ತವೆ. ಡಿಸೆಂಬರ್ ಮಧ್ಯದಲ್ಲಿ ಮೈಸೂರಿನಲ್ಲಿ ಸೂರ್ಯ ಮುಳುಗೋದು 6ರ ಸುಮಾರಿಗೆ. ದೀಪ ಹತ್ತುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತೆ, ಆಕಾಶ ಕಪ್ಪು. ಏಪ್ರಿಲ್ ಮಧ್ಯದಲ್ಲಿ ಮುಳುಗೋದು ಆರೂವರೆ ದಾಟಿ. ದೀಪ ಹತ್ತಿದಾಗ ಇನ್ನೂ ಗಾಢ ನೀಲಿ ಉಳಿದಿರುತ್ತೆ. ಜೂನ್ ಕೊನೆಗೆ ಮುಳುಗೋದು 6.50ರ ಹತ್ತಿರ, ದೀಪ ಹತ್ತಿದ ಮೇಲೆ ಮುಸ್ಸಂಜೆ ಪೂರ್ತಿ ನಿಮ್ಮದೇ, ಮಳೆಗಾಲದ ಮೋಡ ಬಿಟ್ಟುಕೊಟ್ಟರೆ. ಅದೇ ಅರಮನೆ, ಅದೇ ಕ್ಯಾಮೆರಾ, ಅದೇ ಸೆಟ್ಟಿಂಗ್. ತಿಂಗಳು ಮಾತ್ರ ಬೇರೆ. ಡಿಸೆಂಬರಿನ ಫೋಟೋ ಚೆನ್ನಾಗಿ ಬರಲಿಲ್ಲ ಅಂತ ಹೊಸ ಲೆನ್ಸ್ ಕೊಳ್ಳೋಕೆ ಮನೆಯಲ್ಲಿ ದುಡ್ಡು ಕೇಳೋ ಮುಂಚೆ ಕ್ಯಾಲೆಂಡರ್ ನೋಡಿ.

ವಿಧಾನ: ಲಾಕ್ ಮಾಡಿ, ಕಾಯಿರಿ

ಕತ್ತಲಾದಂತೆ ಶಟರ್ ಉದ್ದ ಮಾಡ್ತಾ ಹೋಗೋದು ಎಲ್ಲರ ಅಭ್ಯಾಸ. ಇದನ್ನ ತಿರುವುಮುರುವು ಮಾಡಿ. ಬದಲಾಗದೇ ಇರೋದು ದೀಪ, ಆದ್ದರಿಂದ ದೀಪಕ್ಕೆ ಎಕ್ಸ್‌ಪೋಷರ್ ಹೊಂದಿಸಿ ಅಲ್ಲೇ ಲಾಕ್ ಮಾಡಿ. ಆಮೇಲೆ ಆಕಾಶವೇ ಇಳಿದು ಆ ಮಟ್ಟಕ್ಕೆ ಬರೋವರೆಗೆ ಕಾಯಿರಿ.

ಮೊದಲನೇ ಹೆಜ್ಜೆ: ಹಿಂದಿನ ರಾತ್ರಿ ಅದೇ ಜಾಗಕ್ಕೆ ಹೋಗಿ ದೀಪದ ಎಕ್ಸ್‌ಪೋಷರ್ ಕಂಡುಹಿಡಿಯಿರಿ. ನೋಡಬೇಕಾದ್ದು ಬಲ್ಬನ್ನಲ್ಲ, ಬಲ್ಬಿನ ಬೆಳಕು ಬಿದ್ದ ಗೋಡೆಯನ್ನ. ಗೋಡೆಯ ಬಣ್ಣ ಸರಿಯಾಗಿ ಕಂಡ್ರೆ ಸಾಕು, ಬಲ್ಬು ಬಿಳಿಯಾದ್ರೆ ಆಗಲಿ. ಬೆಳಕು ಜಾಸ್ತಿ ಇರೋ ಪಟ್ಟಣಕ್ಕೆ ಎಫ್/8, ಐಎಸ್ಓ 100, 4 ಸೆಕೆಂಡಿನಿಂದ ಶುರು ಮಾಡಿ. ಬೇಡಕಿಹಾಳದಂಥ ಊರಿಗೆ ಅದೇ ಎಫ್/8ಕ್ಕೆ 15 ಸೆಕೆಂಡಿನ ಹತ್ತಿರ ಬೇಕಾಗುತ್ತೆ. ಇದು ಸುಮಾರು ಎರಡು ಸ್ಟಾಪ್ ಹೆಚ್ಚು. ಅಂದ್ರೆ ಹಳ್ಳಿಯಲ್ಲಿ ಗೆರೆ ದಾಟುವ ಬಿಂದು ಪಟ್ಟಣಕ್ಕಿಂತ ಆರು ನಿಮಿಷ ತಡವಾಗಿ ಬರುತ್ತೆ. ಪಟ್ಟಣದಲ್ಲಿ ಸೂರ್ಯ ಮುಳುಗಿದ 20 ನಿಮಿಷಕ್ಕೆ ಬಂದ್ರೆ, ಹಳ್ಳಿಯಲ್ಲಿ 26ರ ಆಸುಪಾಸು.

ಟೆಸ್ಟ್ ಮಾಡೋಕೆ ಪ್ರತಿ ಸಲ ಅರ್ಧ ನಿಮಿಷ ಕಾಯಬೇಕಿಲ್ಲ. ಐಎಸ್ಓ 3200ರಲ್ಲಿ 1 ಸೆಕೆಂಡ್ ಅಂದ್ರೆ ಐಎಸ್ಓ 100ರಲ್ಲಿ 32 ಸೆಕೆಂಡ್. ಮೊದಲು 3200ರಲ್ಲಿ ಬೇಗ ಬೇಗ ತೆಗೆದು ನೋಡಿ, ಸರಿ ಅನಿಸಿದ ಮೇಲೆ 100ಕ್ಕೆ ಇಳಿಸಿ ಅಷ್ಟೇ ಪಟ್ಟು ಸಮಯ ಹೆಚ್ಚಿಸಿ.

ಎರಡನೇ ಹೆಜ್ಜೆ: ಮರುದಿನ ಬೆಳಕಿರುವಾಗಲೇ ಹೋಗಿ. ನಮ್ಮೂರ ಕಡೆ ಡಿಸೆಂಬರ್ ಮಧ್ಯದಲ್ಲಿ ಸೂರ್ಯ ಮುಳುಗೋದು 6ಕ್ಕೆ. ಐದೂವರೆಗೆ ಟ್ರೈಪಾಡ್ ನೆಟ್ಟಿರಬೇಕು. ಬೆಳಕಿರುವಾಗಲೇ ಚಿಮಣಿಯ ಮೇಲೆ ಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕಿಬಿಡಿ. ಕತ್ತಲಲ್ಲಿ ಆಟೋಫೋಕಸ್ ಹಿಂದೆ ಮುಂದೆ ಹುಡುಕಾಡುತ್ತಾ ಇರುತ್ತೆ. ಲೆನ್ಸಿನ ಮೇಲಿನ ಅನಂತದ ಗುರುತನ್ನ ಪೂರ್ತಿ ನಂಬಬೇಡಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ.

ಮೂರನೇ ಹೆಜ್ಜೆ: 6.12ರಿಂದ 6.40ರವರೆಗೆ ಪ್ರತಿ ಎರಡು ನಿಮಿಷಕ್ಕೊಂದು ಫ್ರೇಮ್. ಸೆಟ್ಟಿಂಗ್ ಮುಟ್ಟಬೇಡಿ. ಮೊದಲಿನ ಫ್ರೇಮುಗಳಲ್ಲಿ ಆಕಾಶ ತೀರಾ ಬಿಳುಪು, ಕೊನೆಯವಲ್ಲಿ ತೀರಾ ಕಪ್ಪು. ನಡುವಿನ ನಾಲ್ಕೈದು ಫ್ರೇಮುಗಳಲ್ಲಿ ಚಿಮಣಿಯ ಅಂಚು ನೀಲಿಯ ಮೇಲೆ ಕೊರೆದಂತೆ ನಿಂತಿರುತ್ತೆ.

ಪಡುವಣಕ್ಕೆ ಮುಖ ಮಾಡಿದ್ರೆ ಆಕಾಶ ಹೆಚ್ಚು ಹೊತ್ತು ಬೆಳಕಿರುತ್ತೆ, ಮೂಡಣಕ್ಕೆ ಬೇಗ ಕತ್ತಲಾಗುತ್ತೆ. ನಿಲ್ಲುವ ಜಾಗ ಆರಿಸುವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ನಾಯ್ಸ್ ಎಲ್ಲಿಂದ ಬರುತ್ತೆ

ಸೆನ್ಸರ್ ಮೇಲೆ ಎನ್ ಫೋಟಾನ್ ಬಿದ್ರೆ ಅದರಲ್ಲಿ ಏರುಪೇರು ಎನ್‌ನ ವರ್ಗಮೂಲದಷ್ಟು. ಸಿಗ್ನಲ್ ಮತ್ತು ನಾಯ್ಸ್ ಅನುಪಾತವೂ ವರ್ಗಮೂಲವೇ. ಬೆಳಕು ನಾಲ್ಕು ಪಟ್ಟು ಆದ್ರೆ ಗುಣಮಟ್ಟ ಎರಡು ಪಟ್ಟು. ಐಎಸ್ಓ ಏರಿಸಿದ್ರೆ ಹೊಸ ಫೋಟಾನ್ ಬರಲ್ಲ, ಬಂದಿರೋದನ್ನ ದೊಡ್ಡದು ಮಾಡಿ ತೋರಿಸುತ್ತೆ ಅಷ್ಟೇ. ಲಾಂಗ್ ಎಕ್ಸ್‌ಪೋಷರಿನ ನಿಜವಾದ ಲಾಭ ಇಲ್ಲಿದೆ: ಕಡಿಮೆ ಐಎಸ್ಓದಲ್ಲಿ ನಿಜವಾದ ಬೆಳಕನ್ನ ಹೆಚ್ಚು ಹೊತ್ತು ಕೂಡಿಸೋದು.

ಕ್ಯಾಮೆರಾ ಇಲ್ಲ, ಫೋನ್ ಮಾತ್ರ ಇದೆ ಅನ್ನೋರಿಗೂ ಇದೇ ಸೂತ್ರ. ಫೋನನ್ನ ಗಟ್ಟಿಯಾಗಿ ನಿಲ್ಲಿಸಿ ಪ್ರೊ ಮೋಡಿನಲ್ಲಿ ಒಂದೇ ಸೆಟ್ಟಿಂಗಿನಲ್ಲಿ 16 ಫ್ರೇಮ್ ತೆಗೆಯಿರಿ. ಕಂಪ್ಯೂಟರಿನಲ್ಲಿ ಸರಾಸರಿ ತೆಗೆದ್ರೆ ನಾಯ್ಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಪೈಥಾನ್ ಲ್ಯಾಬಿನಲ್ಲಿ ಕಲಿತ ನಾಲ್ಕು ಸಾಲಿನ ಕೋಡ್ ಸಾಕು. ಕೋಡ್ ಬೇಡ ಅಂದ್ರೆ ಜಿಂಪ್ ಇದೆ, ಪುಕ್ಕಟೆ.

ಇನ್ನೊಂದು ಆಯ್ಕೆ ಬಗ್ಗೆ ಎಚ್ಚರ. ಕೆಲವು ಕ್ಯಾಮೆರಾಗಳಲ್ಲಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಅಂತ ಇರುತ್ತೆ. 15 ಸೆಕೆಂಡಿನ ಫೋಟೋ ಆದ ಮೇಲೆ ಶಟರ್ ಮುಚ್ಚಿ ಇನ್ನೊಂದು 15 ಸೆಕೆಂಡ್ ಖಾಲಿ ಫ್ರೇಮ್ ತೆಗೆದು, ಬಿಸಿಯಾದ ಸೆನ್ಸರಿನ ಚುಕ್ಕಿಗಳನ್ನ ಕಳೆಯುತ್ತೆ. ಒಳ್ಳೇದೇ, ಆದರೆ ನಿಮಗಿರೋದು 12 ನಿಮಿಷ. ಪ್ರತಿ ಫೋಟೋಗೆ ಎರಡು ಪಟ್ಟು ಸಮಯ ಕೊಡಬೇಕಾ ಅಂತ ಮೊದಲೇ ನಿರ್ಧರಿಸಿ.

ಅಲುಗಾಟ, ಬಣ್ಣ, ಮಬ್ಬು

ಟ್ರೈಪಾಡಿನ ನಡುಕಂಬ ಎತ್ತಬೇಡಿ, ಎತ್ತಿದಷ್ಟೂ ನಡುಗುತ್ತೆ. ಬ್ಯಾಗನ್ನ ಕೆಳಗೆ ಜೋತುಬಿಡಿ. ಎರಡು ಸೆಕೆಂಡ್ ಟೈಮರ್ ಹಾಕಿ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿ. ಟ್ರೈಪಾಡ್ ಇಲ್ಲದಿದ್ರೆ ಒಂದು ಸಣ್ಣ ಚೀಲದಲ್ಲಿ ಮರಳೋ ಜೋಳವೋ ತುಂಬಿ ಮಾಳಿಗೆಯ ಕಟ್ಟೆ ಮೇಲಿಡಿ, ಕ್ಯಾಮೆರಾ ಅದರೊಳಗೆ ಕೂತ್ಕೊಳ್ಳುತ್ತೆ.

ಎಫ್/8ರಿಂದ ಎಫ್/11ರ ನಡುವೆ ಇರಿ. ಇನ್ನೂ ಮುಚ್ಚಿದ್ರೆ ಡಿಫ್ರ್ಯಾಕ್ಷನ್ನಿಂದ ಇಡೀ ಚಿತ್ರ ಮೆತ್ತಗಾಗುತ್ತೆ. ದೀಪದ ಸುತ್ತ ಬರೋ ನಕ್ಷತ್ರದ ಕಡ್ಡಿಗಳೂ ಡಿಫ್ರ್ಯಾಕ್ಷನ್ನೇ: ಅಪರ್ಚರಿನ ಎಲೆಗಳು ಸಮಸಂಖ್ಯೆ ಇದ್ರೆ ಅಷ್ಟೇ ಕಡ್ಡಿ, ಬೆಸ ಇದ್ರೆ ಅದರ ಎರಡು ಪಟ್ಟು. 7 ಎಲೆಗೆ 14 ಕಡ್ಡಿ. ಎಣಿಸಿ ನೋಡಿ.

ಹಳೇ ಸೋಡಿಯಂ ದೀಪಗಳ ಬೆಳಕಿನಲ್ಲಿ ನೀಲಿ ಅಂಶ ಬಹಳ ಕಡಿಮೆ, ಹೊಸ ಎಲ್ಇಡಿಯಲ್ಲಿ ಜಾಸ್ತಿ. ಒಂದೇ ಬೀದಿಯಲ್ಲಿ ಎರಡೂ ಇದ್ರೆ ವೈಟ್ ಬ್ಯಾಲೆನ್ಸ್ ಎರಡಕ್ಕೂ ಸರಿ ಹೋಗಲ್ಲ. ರಾ ಫೈಲಿನಲ್ಲಿ ತೆಗೆದು, 3500 ಕೆಲ್ವಿನ್ ಹತ್ತಿರದಿಂದ ಶುರು ಮಾಡಿ, ಆಕಾಶ ನೀಲಿಯಾಗಿ ಉಳಿಯೋ ಹಾಗೆ ನೋಡಿಕೊಳ್ಳಿ. ಕತ್ತಲಲ್ಲಿ ಸ್ಕ್ರೀನ್ ಎಲ್ಲವನ್ನೂ ಬೆಳ್ಳಗೆ ತೋರಿಸುತ್ತೆ, ಆದ್ದರಿಂದ ಹಿಸ್ಟೋಗ್ರಾಮ್ ನೋಡಿ ತೀರ್ಮಾನ ಮಾಡಿ.

ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ ಸುಟ್ಟರೆ ಸಂಜೆ ಹೊಗೆ ನೆಲಕ್ಕೆ ಹತ್ತಿಕೊಂಡೇ ನಿಲ್ಲುತ್ತೆ. ದೂರದ ದೀಪಗಳೆಲ್ಲ ಮಬ್ಬು. ಇದನ್ನ ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲ್ಲ. ಮಳೆ ಬಂದು ನಿಂತ ಮರುದಿನ ಗಾಳಿ ತೊಳೆದಂತೆ ಇರುತ್ತೆ, ಅವತ್ತು ಹೋಗಿ.

ಶಟರ್ ಏನನ್ನು ಉಳಿಸುತ್ತೆ, ಏನನ್ನು ಅಳಿಸುತ್ತೆ

1838ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರ್ ತನ್ನ ಕಿಟಕಿಯಿಂದ ಒಂದು ಗಿಜಿಗಿಜಿ ಬೀದಿಯ ಚಿತ್ರ ತೆಗೆದ. ಎಕ್ಸ್‌ಪೋಷರ್ ಹಲವು ನಿಮಿಷಗಳದ್ದು. ಓಡಾಡುತ್ತಿದ್ದ ಜನ, ಗಾಡಿ, ಕುದುರೆ ಎಲ್ಲಾ ಅಳಿಸಿಹೋಗಿ ಬೀದಿ ಖಾಲಿ ಕಂಡಿತು. ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ತಾ ನಿಂತಿದ್ದ ಒಬ್ಬ ಮನುಷ್ಯ, ಯಾಕಂದ್ರೆ ಅವನು ಅಲುಗಾಡಲಿಲ್ಲ. ಲಾಂಗ್ ಎಕ್ಸ್‌ಪೋಷರ್ ಅಂದ್ರೆ ಏನು ಅಂತ ಅದಕ್ಕಿಂತ ಚೆನ್ನಾಗಿ ಹೇಳೋ ಚಿತ್ರ ಇಲ್ಲ: ನಿಂತದ್ದು ಉಳಿಯುತ್ತೆ, ಚಲಿಸಿದ್ದು ಕರಗುತ್ತೆ, ಬೆಳಕು ಹೊತ್ತು ಚಲಿಸಿದ್ದು ಗೆರೆ ಆಗುತ್ತೆ.

ಕಾರ್ಖಾನೆಯ ಚಿಮಣಿಯಿಂದ ಬರೋ ಹೊಗೆ 2 ಸೆಕೆಂಡಿನಲ್ಲಿ ಹೊಗೆಯ ಆಕಾರದಲ್ಲೇ ಇರುತ್ತೆ, 30 ಸೆಕೆಂಡಿನಲ್ಲಿ ಹತ್ತಿ ಹಿಂಜಿದ ಹಾಗೆ ಆಗುತ್ತೆ. ಹೊಗೆ ಬೇಕು ಅಂದ್ರೆ ಅಪರ್ಚರ್ ತೆರೆದು ಶಟರ್ ಕಡಿಮೆ ಮಾಡಿ. ಸದಲಗಾ ಕಡೆಯ ದೂಧಗಂಗಾ ನದಿಯಂಥ ನೀರು ಮುಂದಿದ್ರೆ ಉದ್ದ ಶಟರ್ ಒಳ್ಳೇದು, ಅಲೆಗಳು ಸರಾಸರಿಯಾಗಿ ದೀಪದ ಪ್ರತಿಬಿಂಬ ನಯವಾಗುತ್ತೆ.

ಇನ್ನು ರಸ್ತೆ. ಬೆಂಗಳೂರಿನ ಫ್ಲೈಓವರ್ ಚಿತ್ರಗಳಲ್ಲಿ ಬರೋ ಗಾಡಿಗಳದ್ದು ಬಿಳಿ ಗೆರೆ, ಹೋಗೋವುಗಳದ್ದು ಕೆಂಪು ಗೆರೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆ ಮೇಲೆ ಹೀಗೇ ತೆಗೆದು ನೋಡಿ. ಎರಡೆರಡು ಟ್ರೇಲರ್ ಎಳ್ಕೊಂಡು ಟ್ರ್ಯಾಕ್ಟರುಗಳು ಕಾರ್ಖಾನೆಗೆ ಹೋಗ್ತಾ ಇರ್ತವೆ. ವೇಗ ಕಡಿಮೆ, ಹಾಗಾಗಿ ಗೆರೆ ಪೂರ್ತಿ ಬರೋಕೆ 30 ಸೆಕೆಂಡಾದರೂ ಬೇಕು. ಹಿಂಬದಿ ದೀಪ ಇಲ್ಲದ ಟ್ರೇಲರ್ ಹೋದ್ರೆ ಚಿತ್ರದಲ್ಲಿ ಕೆಂಪು ಗೆರೆ ಇರೋದೇ ಇಲ್ಲ. ಆ ಟ್ರೇಲರ್ ಅರ್ಧ ನಿಮಿಷ ನಿಮ್ಮ ಕ್ಯಾಮೆರಾದ ಮುಂದೆಯೇ ಹೋಗಿದೆ, ಸೆನ್ಸರಿಗೆ ಕಂಡಿಲ್ಲ. ಹಿಂದಿನಿಂದ ಬೈಕಿನಲ್ಲಿ ಬರೋ ಹುಡುಗನಿಗೂ ಅದು ಅಷ್ಟೇ ಕಾಣೋದು.

ಇದು ಫೋಟೋಗ್ರಫಿ ಪಾಠದಿಂದ ಹೊರಗಿನ ಮಾತು ಅನಿಸಬಹುದು, ಆದರೆ ನನಗೆ ಹಾಗನಿಸಲ್ಲ. ಲಾಂಗ್ ಎಕ್ಸ್‌ಪೋಷರ್ ಒಂದು ಅಳತೆ. ಎಲ್ಲಿ ಬೆಳಕಿದೆ, ಎಲ್ಲಿ ಇಲ್ಲ ಅನ್ನೋದನ್ನ ಅದು ಸುಳ್ಳಿಲ್ಲದೆ ಕೂಡಿಸಿ ತೋರಿಸುತ್ತೆ. ಟ್ರೇಲರಿನ ಹಿಂದೆ ಅಂಟಿಸೋ ರಿಫ್ಲೆಕ್ಟರ್ ಪಟ್ಟಿಗೆ ಬಹಳ ದುಡ್ಡೇನೂ ಆಗಲ್ಲ. ಊರಲ್ಲಿ ಟ್ರ್ಯಾಕ್ಟರ್ ಇರೋ ಕಾಕಾನಿಗೋ ಮಾಮಾನಿಗೋ ಬಾಯಲ್ಲಿ ಹೇಳೋದಕ್ಕಿಂತ ಕೆಂಪು ಗೆರೆ ಇಲ್ಲದ ಆ ಫೋಟೋ ತೋರಿಸಿ. ಬೇಗ ಅರ್ಥ ಆಗುತ್ತೆ.

ಅದೇ ಕಾರಣಕ್ಕೆ ನಿಮಗೂ ಒಂದು ಸೂಚನೆ: ಕತ್ತಲಲ್ಲಿ ರಸ್ತೆ ಅಂಚಿಗೆ ಟ್ರೈಪಾಡ್ ಹಾಕಬೇಡಿ. ಬದುವಿನ ಮೇಲೋ ಮಾಳಿಗೆ ಮೇಲೋ ನಿಲ್ಲಿ. ಬಿಳಿ ಅಂಗಿ ಹಾಕ್ಕೊಳ್ಳಿ, ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ. ಹೊಲ ಯಾರದ್ದೋ ಅವರನ್ನ ಕೇಳಿಯೇ ಕಾಲಿಡಿ.

ಮನೆಕೆಲಸ

ಕಬ್ಬು ನುರಿಸುವ ಹಂಗಾಮು ವರ್ಷಕ್ಕೆ ಕೆಲವೇ ತಿಂಗಳು. ಹಂಗಾಮು ಮುಗಿದ್ರೆ ಚಿಮಣಿ ಹೊಗೆ ನಿಲ್ಲುತ್ತೆ, ಟ್ರ್ಯಾಕ್ಟರ್ ಸಾಲು ನಿಲ್ಲುತ್ತೆ, ಊರಿನ ಗೆರೆಯೇ ಬೇರೆ ಆಗುತ್ತೆ. ಅದರಲ್ಲಿ ನಾವು ಊರಿಗೆ ಹೋಗೋದು ರಜೆಗೆ ಮಾತ್ರ. ಮೋಡ ಇಲ್ಲದ, ಹೊಗೆ ಇಲ್ಲದ, ಕರೆಂಟ್ ಇರೋ ಸಂಜೆಗಳು ಅಂತ ಎಣಿಸಿದ್ರೆ ಕೈಬೆರಳು ಸಾಕು. ಒಂದೊಂದು ಸಂಜೆಗೆ 12 ನಿಮಿಷ.

ಆದ್ದರಿಂದ ಈ ಸಲ ಊರಿಗೆ ಹೋದಾಗ ಹೀಗೆ ಮಾಡಿ. ಮೊದಲ ರಾತ್ರಿ ದೀಪದ ಎಕ್ಸ್‌ಪೋಷರ್ ಕಂಡುಹಿಡಿದು ಬರೆದಿಟ್ಟುಕೊಳ್ಳಿ. ಎರಡನೇ ಸಂಜೆ ಲಾಕ್ ಮಾಡಿ, ಎರಡು ನಿಮಿಷಕ್ಕೊಂದು ಫ್ರೇಮ್. ಪ್ರತಿ ಫ್ರೇಮಿನ ಸಮಯ, ಸೂರ್ಯ ಮುಳುಗಿದ ಮೇಲೆ ಎಷ್ಟು ನಿಮಿಷ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿ. ಯಾವ ನಿಮಿಷದ ಫ್ರೇಮಿನಲ್ಲಿ ಆಕಾಶ ಮತ್ತು ದೀಪ ಸಮ ಬಂದಿವೆ ನೋಡಿ. ಅದೇ ನಿಮ್ಮ ಊರಿನ ಸಂಖ್ಯೆ. ಬೇಡಕಿಹಾಳದ್ದು ನಾನು ಮೇಲೆ ಕೊಟ್ಟಿದ್ದೀನಿ. ಹುಬ್ಬಳ್ಳಿಯದ್ದು, ಹಾಸನದ್ದು, ಕಾಸರಗೋಡಿನದ್ದು ನೀವು ತನ್ನಿ. ಕನ್ನಡ ಸಂಘದ ಗೋಡೆ ಮೇಲೆ ಎಲ್ಲರ ಸ್ಕೈಲೈನ್ ಪಕ್ಕಪಕ್ಕ ಅಂಟಿಸಿ, ಕೆಳಗೆ ಆ ನಿಮಿಷ ಬರೆಯೋಣ.